ಕಾಯ್ತಾನನ ಗ್ಯಾರೇಜಿನಲ್ಲಿ ಕತ್ತಲೆ

ಝುವಾರಿ ಸೇತುವೆಯ ನಟ್ಟನಡುವೆ
ಏಸಿ ಕೈಕೊಟ್ಟಿತು.
ಕೊಟ್ಟಿತು ಅಂದರೆ, ಗಾಳಿ ಬರುತ್ತಲೇ ಇತ್ತು,
ಮಧ್ಯಾಹ್ನ ಮಲಗೆದ್ದವನ ಬಾಯಿಂದ ಬರುವಂಥದ್ದು.
ಹಿಂದೆ ನಾಗಪುರದ ನಾಲ್ವರು, ಒಂದು ಮಗು,
ಮಗುವಿನ ಮುಷ್ಟಿಯಲ್ಲಿ ಕರಗುತ್ತಿರುವ ಚಾಕಲೇಟು.
ಗುಂಡಿ ಒತ್ತಿದೆ, ಬಿಟ್ಟೆ, ಮತ್ತೆ ಒತ್ತಿದೆ.
ಬಾನೆಟ್ಟಿನ ಒಳಗಿಂದ ಬರಬೇಕಿದ್ದ
ಸಣ್ಣದೊಂದು ಟಕ್
ಬರಲಿಲ್ಲ.
ಹದಿನಾಲ್ಕು ವರ್ಷ ಟ್ಯಾಕ್ಸಿ ಹೊಡೆದಿದ್ದೇನೆ,
ಅಂಥದೊಂದು ಸದ್ದಿದೆಯೆಂದು ಗೊತ್ತಾದದ್ದು ಅವತ್ತೇ.

ಗಾಜು ಇಳಿಸಿದೆವು.
ಒಣಮೀನು, ಬಾರ್ಜಿನ ಡೀಸೆಲ್ಲು, ಉಪ್ಪು
ಬಾಡಿಗೆ ಕೊಡದೆ ಹತ್ತಿ ಕೂತವು.
ಏರ್‌ಪೋರ್ಟಿನಿಂದ ತುಟಿ ಬಿಚ್ಚದ ಮುದುಕಿ
ಸೆರಗಿಂದ ಗಾಳಿ ಹಾಕಿಕೊಳ್ಳುತ್ತ ಕೇಳಿದಳು:
ಯಾವೂರಪ್ಪ ನಿಂದು?
ರೋಣ ಅಂದೆ. ಅದೆಲ್ಲಿ ಅಂದಳು.
ಹೇಳಿ ಮುಗಿಸುವಷ್ಟರಲ್ಲಿ ಮಿರಾಮಾರ್ ಬಂತು,
ಮಗ ಇಳಿದು ಮುನ್ನೂರು ಮುರಿದುಕೊಂಡ.

ಸ್ಟ್ಯಾಂಡಿನಲ್ಲಿ ಎಲ್ಲರೂ ವೈದ್ಯರೇ.
"ಕಂಪ್ರೆಸರ್ ಹೋತು ಫಕೀರಪ್ಪ" ಅಂದರು,
ಮಣ್ಣಿಗೆ ಹೋಗಿ ಬಂದವರ ದನಿಯಲ್ಲಿ.
ಹೊಸದಕ್ಕೆ ಇಪ್ಪತ್ತು ಸಾವಿರ,
ಹಳೆಯದು ಹಾಕಿಸಿದರೆ ಎಂಟು, ಆದರೆ ಹಾಕಿಸಬೇಡ.
ಮೇ ತಿಂಗಳು ಇನ್ನೂ ಹನ್ನೊಂದು ದಿನ ಬಾಕಿ,
ಬ್ಯಾಂಕಿನ ಕಂತಿಗೆ ಆರೇ.

ನಾನೇ ಫ್ಯೂಸ್ ಡಬ್ಬಿ ಬಿಚ್ಚಿದೆ,
ಮಲ್ಲವ್ವನ ಒಗ್ಗರಣೆ ಡಬ್ಬಿಯ ಹಾಗೇ ಅದು,
ಮುಚ್ಚಳದ ಒಳಗೆ ಮಾತ್ರ ನಕ್ಷೆ.
ಏಸಿಯ ರಿಲೇ ಕಿತ್ತು ಹಾರ್ನಿನ ಜಾಗಕ್ಕೆ ಚುಚ್ಚಿದೆ,
ಒಂದೇ ಅಳತೆ ಎರಡೂ.
ಹಾರ್ನ್ ಬಾರಿಸಿತು. ಬೀದಿನಾಯಿ ಎದ್ದು ಹೋಯಿತು.
ಅಂದರೆ ರಿಲೇ ಸರಿಯಿದೆ. ಫ್ಯೂಸೂ ಸರಿಯಿದೆ.
ಇಷ್ಟೆಲ್ಲ ಸರಿಯಿದ್ದದ್ದೇ ಭಯವಾಯಿತು.

ಮಂಗೋರ್ ಗುಡ್ಡದ ಕಾಯ್ತಾನ
ಕೊಂಕಣಿಯವ, ನಮ್ಮ ಡ್ರೈವರುಗಳ ಬಾಯಲ್ಲಿ ಕನ್ನಡ ಕಲಿತವ;
ಬೈಗುಳ ಮೊದಲು ಕಲಿತ, ವ್ಯಾಕರಣ ಇನ್ನೂ ಬಾಕಿ.
ನೀಲಿ ಪೈಪು ಕೆಂಪು ಪೈಪು ಕಚ್ಚಿಸಿ
ಎರಡು ಮುಳ್ಳೂ ಕೆಳಗೆ ಬಿದ್ದದ್ದು ತೋರಿಸಿದ.
"ಪಳೆ, ಗ್ಯಾಸ್ ಇಲ್ಲ. ಗ್ಯಾಸ್ ಇಲ್ಲಂದ್ರ
ಕಂಪ್ರೆಸರ್ ಸುರುನ ಆಗಂಗಿಲ್ಲ.
ತನ್ನ ಜೀವ ತಾ ಉಳಿಸ್ಕೊಂತೈತಿ. ನಿನ್ನಂಗಲ್ಲ."
ತುಂಬಿಸಿಬಿಡು ಅಂದೆ.
"ತೂತು ಬಿಂದಿಗಿಗೆ ನೀರು ಹಾಕ್ತೀ ಏನು?"

ಸಾಬೂನು ನೊರೆ ಬಳಿದ. ಗುಳ್ಳೆ ಏಳಲಿಲ್ಲ.
ಆಮೇಲೆ ಔಷಧಿಯಂಥ ಹಳದಿ ನೀರು ಒಳಗೆ ಬಿಟ್ಟು
ಸ್ವಲ್ಪ ಗ್ಯಾಸು ಕುಡಿಸಿ
ಎರಡು ದಿನ ಓಡಿಸಿಕೊಂಡು ಬಾ ಅಂದ.
ಓಡಿಸಿದೆ.
ವಾಸ್ಕೋ, ವೆರ್ನಾ, ಕೊರ್ತಾಲಿಂ, ಮತ್ತೆ ವಾಸ್ಕೋ,
ನನ್ನ ತಂಪು ಎಲ್ಲೋ ಸಣ್ಣಗೆ
ರಸ್ತೆಗೆ ಹೋಗುತ್ತಿದೆಯೆಂದು ತಿಳಿದೇ.

ಮೂರನೆಯ ದಿನ ಹೋದರೆ, "ರಾವ್" ಅಂದ,
"ಬೆಳಕಿನ್ಯಾಗ ಕಾಣಂಗಿಲ್ಲ."
ಶಟರ್ ಅರ್ಧ ಇಳಿಸಿದ. ಸಂದಿಯಲ್ಲಿ ಬಿಸಿಲು ನುಗ್ಗಿತು.
ಗೋಣಿಚೀಲ ತುರುಕಿದ. ಮಾಡಿನ ತೂತಿಂದ ಇಳಿಯಿತು.
ಬೈದ, ಎರಡೂ ಭಾಷೆಯಲ್ಲಿ.
ಚಹಾ ತರಿಸಿದ. ಕೂತೆವು.
ಏಳಕ್ಕೆ ಇಡೀ ಗುಡ್ಡದ ಕರೆಂಟು ಹೋಯಿತು.

ಆಗ ಪೆನ್ನಿನಷ್ಟು ದಪ್ಪದ ನೇರಳೆ ದೀಪ
ಬಾನೆಟ್ಟಿನೊಳಗೆ ಹೊಕ್ಕಿತು.
ಪೈಪಿನ ಗುಂಟ, ಮೆಲ್ಲಗೆ, ಜ್ವರ ನೋಡುವ ಕೈಯಂತೆ.
ಏನಿಲ್ಲ. ಏನಿಲ್ಲ. ಏನಿಲ್ಲ.
ಕಂಡೆನ್ಸರಿನ ಮೂಲೆಯಲ್ಲಿ, ಜೋಡಣೆಯ ಕೊರಳಲ್ಲಿ
ಹಸಿರು.
ಕಡ್ಡಿ ಗೀಚಿದಷ್ಟು, ಉರಿಯದ, ಎವೆಯಿಕ್ಕದ ಹಸಿರು.
ಉಸಿರು ಹಿಡಿದು ಇಬ್ಬರೂ ಬಗ್ಗಿದ್ದೆವು.
ಇಷ್ಟು ದಿನ ಕಳ್ಳನೆಂದು ಬೈದದ್ದಕ್ಕೆ
ಯಾಕೋ ನಾಚಿಕೆಯಾಯಿತು.

ರಬ್ಬರಿನ ಉಂಗುರ, ಮಗುವಿನ ಕಿರುಬೆರಳಿಗಾಗುವಷ್ಟು.
ಹನ್ನೆರಡು ರೂಪಾಯಿ.
ಹಾಕಿ, ಗಾಳಿ ಹೀರಿ, ಗ್ಯಾಸು ತುಂಬಿದ.
ಟಕ್.
ನಾನು ಮತ್ತೆ ಆರಿಸಿ, ಮತ್ತೆ ಹಾಕಿದೆ,
ಬರೀ ಆ ಸದ್ದಿಗೆ.

ಮೇಣದಬತ್ತಿ ಹಚ್ಚಿ ಬಿಲ್ ಬರೆದ:
ಗ್ಯಾಸು ಇಷ್ಟು, ಎಣ್ಣೆ ಇಷ್ಟು, ಮಜೂರಿ ಇಷ್ಟು.
ಕತ್ತಲಿಗೆ ಎಷ್ಟು ಅಂದೆ.
"ಅದು ಪುಕ್ಕಟೆ," ಅಂದ ಕಾಯ್ತಾನ,
ಗೋಣಿಚೀಲ ಕೊಡವುತ್ತ,
"ಕರೆಂಟಿನವ್ರು ದಿನಾ ಕಳಿಸ್ತಾರ."