ಇಪ್ಪತ್ತೈದರಲ್ಲೊಂದು

ಹಗಲಿಡೀ ಊರಿನ ಉಗುರುಗಳು ನನ್ನ ಕೈಯಲ್ಲಿ.
ಅಂಗಡಿಯ ಗಾಜಿನಾಚೆ ಎಸ್ಪನ್ಯೋಲಾದ ದೊಡ್ಡ ರಸ್ತೆ;
ಭಾನುವಾರ ಸಂಜೆ ಕಾರುಗಳು ನೆಲ ಮೂಸುತ್ತ ಹೊರಡುತ್ತವೆ,
ನಡೆದು ಹೋಗುವವರೂ ಅವನ್ನು ದಾಟಬಹುದು,
ಯಾರೂ ದಾಟುವುದಿಲ್ಲ.

ರಾತ್ರಿ ಅದೇ ಮೇಜು, ಅದೇ ದೀಪ, ಅವೇ ಬಾಟಲಿಗಳು.
ಬೆರಳಿಗೋ ಬಾನೆಟ್ಟಿಗೋ ಎಂದು ಬಣ್ಣ ಕೇಳುವುದಿಲ್ಲ.
ಮೊದಲು ಬೆಳ್ಳಿ. ಮೇಲೆ ಬೆವರಿನಷ್ಟು ತೆಳ್ಳಗೆ ಕೆಂಪು,
ಆರಿದ ಮೇಲೆ ಕೆಂಪು, ಮತ್ತೆ ಕೆಂಪು,
ಏಳನೆಯ ಸಲಕ್ಕೆ ಬಣ್ಣ ಮೇಲಿರುವುದಿಲ್ಲ, ಒಳಗಿರುತ್ತದೆ.

ಡಬ್ಬಿಯಲ್ಲಿ ಬರುವ ಕಾರು ಎಲ್ಲರದೂ, ಅಂದರೆ ಯಾರದೂ ಅಲ್ಲ.
ನೂರಾ ಹನ್ನೆರಡು ಬಿಳಿ ತುಂಡು, ಕಡ್ಡಿಗೆ ಅಂಟಿಕೊಂಡು,
ತಿಂದು ಬಿಟ್ಟ ಮೀನಿನ ಮುಳ್ಳಿನ ಹಾಗೆ.
ಅದನ್ನು ಒಬ್ಬನದಾಗಿ ಮಾಡಲು
ಇನ್ಸುಲಿನ್ ಸೂಜಿಯ ತುದಿ ಬೇಕು, ಬಾಗಿಲ ಕೀಲಿಗೆ;
ಉಂಗುರದ ಡಬ್ಬಿಯಿಂದ ಕಿತ್ತ ಮಖಮಲ್ಲು, ಸೀಟಿಗೆ;
ಸ್ಟೇರಿಂಗಿಗೆ ನನ್ನ ತಂಗಿಯ ಕಿವಿಯ ರಿಂಗು.
ಅವಳು ಇನ್ನೂ ಹುಡುಕುತ್ತಿದ್ದಾಳೆ.

ಎಲ್ಲವೂ ಇಪ್ಪತ್ತೈದರಲ್ಲಿ ಒಂದಾಗಲು ಒಪ್ಪುತ್ತವೆ,
ಧೂಳು ಒಪ್ಪುವುದಿಲ್ಲ.
ಈ ಊರಿನ ಕೆಂಧೂಳು ಕಿಟಕಿ ಸಂದಿಯಿಂದ ತೂರಿ
ಹಸಿ ಛಾವಣಿಯ ಮೇಲೆ ಕೂತರೆ
ಆ ಲೋಕಕ್ಕೆ ಅದು ಬೆಟ್ಟದಿಂದ ಉರುಳಿದ ಕಲ್ಲು.
ನನ್ನ ಬೆರಳಚ್ಚು, ಉತ್ತ ಹೊಲ.
ಅದಕ್ಕೇ ಬಚ್ಚಲಲ್ಲಿ ಬಿಸಿನೀರು ಬಿಟ್ಟು,
ಹಬೆಗೆ ಧೂಳು ನೆಲ ಹಿಡಿದ ಮೇಲೆ,
ಉಸಿರು ಕಟ್ಟಿ ಬಣ್ಣ ಹೊಡೆಯುತ್ತೇನೆ.

ಎಲಿಸೆಯೋ ಮಾಯೆಸ್ತಾಸ್, ಗ್ಯಾಸ್ ಲಾರಿಯ ಡ್ರೈವರು,
ಒಂದು ಫೋಟೋ ತಂದ. ಅರವತ್ತಮೂರರ ಇಂಪಾಲಾ.
ಹಿಂಭಾಗ ಇಲ್ಲ, ಯಾರೋ ಕತ್ತರಿಸಿದ್ದಾರೆ.
"ಹಿಂದಿನದು ನೆನಪಿನಿಂದ ಮಾಡು."
"ಯಾರ ನೆನಪು?"
"ನನ್ನದೇ. ಬಂದು ಹೇಳುತ್ತೇನೆ."

ನಾಲ್ಕು ಗುರುವಾರ ಬಂದು ಹೇಳಿದ.
ಮೊದಲ ವಾರ ದ್ರಾಕ್ಷಿ ಬಣ್ಣ, ಎರಡನೆಯ ವಾರ ದಾಳಿಂಬೆ.
ಮೂರನೆಯ ವಾರ ಹಿಂದಿನ ಚಕ್ರ ಎದ್ದು ಕುಣಿಯುತ್ತಿತ್ತು,
ನಾಲ್ಕನೆಯ ವಾರ ನಾಲ್ಕೂ.
ಯಾಕೆ ಮಾರಿದೆ ಎಂದು ನಾನು ಕೇಳಲಿಲ್ಲ,
ಟೋಪಿ ತಿರುಗಿಸುತ್ತ ಕೂತವನನ್ನು ಏನೆಂದು ಕೇಳುವುದು.

ಶುಕ್ರವಾರ ಅವನ ಹೆಂಡತಿ ರಮೋನ್ಸೀತಾ, ಉಗುರಿಗೆ.
ಎಡಗೈ ಒಣಗುವಾಗ ಬಾಯಿ ಬಿಟ್ಟಳು:
"ದಾಳಿಂಬೆಯಂತೆ! ಹಳಸಿದ ಈಲಿಯ ಬಣ್ಣ ಅದು.
ಕುಣಿಯುವ ಮಾತು ಬಿಡು, ತಳ್ಳಿದರಷ್ಟೇ ಹೊರಡುತ್ತಿತ್ತು.
ಎಡಬಾಗಿಲ ಸದ್ದು ಹೇಳಿದನೇ? ಹೇಳಿರಲಾರ.
ಮಗ ಮೂರು ವರ್ಷದವನಿದ್ದಾಗ ಗಾಜಿನ ಸಂದಿಯೊಳಕ್ಕೆ
ಸೋಡಾ ಬಾಟಲಿಯ ಮುಚ್ಚಳ ಬಿಟ್ಟ.
ತಿರುವು ಬಂದಾಗಲೆಲ್ಲ ಟಣ್.
ಮೂರು ಸಲ ಬಾಗಿಲು ಬಿಚ್ಚಿದ ನಿನ್ನ ಗಿರಾಕಿ. ಸಿಗಲಿಲ್ಲ.
ಮದುವೆಗೆ ಹೋಗುವಾಗ ಟಣ್, ಮಣ್ಣಿಗೆ ಹೋಗುವಾಗ ಟಣ್.
ಮಾರಿದ ದಿನ ಕೊಂಡವನು ಮೂಲೆಯಲ್ಲಿ ತಿರುಗಿದ,
ನಾವಿಬ್ಬರೂ ಅಂಗಳದಲ್ಲಿ ನಿಂತು ಕೇಳಿಸಿಕೊಂಡೆವು."
ಆಮೇಲೆ ಬಲಗೈ ಚಾಚಿ, "ಇದಕ್ಕೂ ಅದೇ ಕೆಂಪು."

ಬಣ್ಣ ಗಂಡ ಹೇಳಿದ್ದೇ ಹಾಕಿದೆ, ದುಡ್ಡು ಕೊಡುವವನು ಅವನು.
ಎಡಬಾಗಿಲಿನ ಒಳಹಲಗೆ ಅಂಟಿಸುವ ಮುಂಚೆ
ಅಡುಗೆಮನೆಗೆ ಹೋಗಿ, ಒಣಮೆಣಸಿನಕಾಯಿ ಮುರಿದು,
ಒಂದು ಬೀಜ ಒಳಗೆ ಬಿಟ್ಟೆ.
ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡು
ಅರ್ಧ ಗಂಟೆ ನಲ್ಲಿಯ ಕೆಳಗೆ.

ಐದನೆಯ ಗುರುವಾರ ಎಲಿಸೆಯೋ
ಕಾರನ್ನು ಅಂಗೈ ಮೇಲಿಟ್ಟುಕೊಂಡು ಬೆಳಕಿಗೆ ಹಿಡಿದ,
ಹಿಂಭಾಗ ನೋಡಿದ, ಹೌದು ಹೌದೆಂದ,
ತಾನೇ ಹೇಳಿದ್ದನ್ನು ಮೊದಲ ಸಲ ಕಂಡವನಂತೆ.
ಎಡಕ್ಕೆ ವಾಲಿಸಿದ.
ಟಣ್ ಅಲ್ಲ, ಟಿಕ್ ಕೂಡ ಅಲ್ಲ;
ಹಲ್ಲಿ ಲೊಚಗುಟ್ಟಲು ಹೋಗಿ ಬಿಟ್ಟಷ್ಟು.
ಕಿವಿಗೆ ಹಿಡಿದ. ಮತ್ತೊಮ್ಮೆ ವಾಲಿಸಿದ.

"ಒಳಗೇನೋ ಉಳಿದಿದೆ," ಅಂದ. "ಹಲಗೆ ಬಿಚ್ಚಬಹುದಾ?"
"ಅಂಟು ಹಾಕಿಬಿಟ್ಟೆ. ಬಿಚ್ಚಿದರೆ ಬಣ್ಣ ಹೋಗುತ್ತದೆ."
"ಹಾಗಾದರೆ ಬಿಡು."

ನೋಟುಗಳನ್ನು ಎರಡು ಸಲ ಎಣಿಸಿ ಕೊಟ್ಟ.
ಹೊರಗೆ ಲಾರಿಯ ಬಾಗಿಲು ಹಾಕಿದ್ದು ಕೇಳಿಸಿತು.
ಎಂಜಿನ್ ಕೇಳಿಸಲು ತುಂಬ ಹೊತ್ತು ಹಿಡಿಯಿತು.