ಹೆಬ್ಬೆರಳು

ಭದ್ರಾವತಿ ಹಳೇನಗರ, ಸೇತುವೆಯ ಈಚೆ ದಂಡೆ.
ಬೋರ್ಡಿನಲ್ಲಿ ಇನ್ನೂ ಅಪ್ಪನದೇ ಹೆಸರು:
ಓಂಕಾರಪ್ಪ ಗುಜರಿ ಅಂಗಡಿ.
ಕಬ್ಬಿಣ, ರದ್ದಿ, ಬಾಟಲಿ, ಹಿತ್ತಾಳೆ.
ಮುರಿದದ್ದೆಲ್ಲ ಕೊಳ್ಳುತ್ತೇವೆ.

ಕೊಳ್ಳುವವನ ಮೋಸ ಮಾರುವವನ ಮೋಸದ ಹಾಗಲ್ಲ.
ಮಾರುವವನು ತಟ್ಟೆಯನ್ನು ಒತ್ತುತ್ತಾನೆ,
ಕೊಳ್ಳುವವನು ಎತ್ತಬೇಕು.
ಅಪ್ಪ ಎತ್ತುತ್ತಿದ್ದದ್ದು ಕಾಲಿನ ಹೆಬ್ಬೆರಳಲ್ಲಿ,
ತಟ್ಟೆ ನೆಲ ಬಿಟ್ಟೂ ಬಿಡದ ಹಾಗೆ ತಕ್ಕಡಿ ಹಿಡಿದು,
ಪಂಚೆಯ ಅಂಚಿನ ಮರೆಯಲ್ಲಿ,
ಮೇಲೆ ಮಗು ಮಲಗಿದೆಯೇನೋ ಎಂಬಷ್ಟು ಮೆಲ್ಲಗೆ.
ಮುಖ ಮಾತ್ರ ಗಿರಾಕಿಯ ಕಡೆ:
"ಮಗಳ ಮದುವೆ ಎಲ್ಲಿಗೆ ಬಂತಮ್ಮ?"

ನನಗಾಗ ಒಂಬತ್ತು ವರ್ಷ.
ಕಲಿಸಿದ ಅಂತ ಹೇಳಿದರೆ ಸುಳ್ಳಾಗುತ್ತದೆ.
ಪಕ್ಕದಲ್ಲಿ ಕೂತು ಬಾಟಲಿ ಎಣಿಸುತ್ತಿದ್ದೆ,
ನೋಡಿದೆ, ಅಷ್ಟೇ.
ಈಜು ಬಲ್ಲವರನ್ನು ಕೇಳಿ, ಯಾವ ದಿನ ಬಂತು ಎಂದು.

ತಮ್ಮ ಹಾಲೇಶನನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ.
"ಓದೋ ಹುಡುಗ, ತುಕ್ಕು ಮುಟ್ಟೋದು ಬೇಡ."
ಅವನ ಫೀಸು, ಬೂಟು, ಲೆಕ್ಕದ ಟ್ಯೂಷನ್ನು
ಎಲ್ಲ ಆ ಒಂದು ಬೆರಳ ಮೇಲೆ ನಿಂತಿತ್ತು.
ಈಗ ಶಿವಮೊಗ್ಗದ ಸಹಕಾರಿ ಬ್ಯಾಂಕಿನಲ್ಲಿ ಕ್ಯಾಶಿಯರ್.
ಹತ್ತು ರೂಪಾಯಿ ಹೆಚ್ಚು ಬಂದರೆ
ಬಾಗಿಲವರೆಗೆ ಓಡಿ ಕೊಟ್ಟು ಬರುತ್ತಾನೆ.
ಹಬ್ಬಕ್ಕೆ ಬಂದಾಗ ಹೋಳಿಗೆ ಮುರಿಯುತ್ತ ಹೇಳುತ್ತಾನೆ:
"ಮನೆ ಹೇಗಿದ್ರೇನಕ್ಕ, ಮನುಷ್ಯ ಆರಿಸ್ಕೋಬೇಕು.
ನಾನು ಆರಿಸ್ಕೊಂಡೆ."
ಹೊಳೆಗೇ ಇಳಿಯದವನ ಬಟ್ಟೆ ಒಣಗಿದ್ದರೆ
ಅದು ಯಾರ ಹೆಚ್ಚುಗಾರಿಕೆ?
ಹಾಗಂತ ಬಾಯಿ ಬಿಟ್ಟು ಅಂದಿಲ್ಲ.
ಎಲೆಗೆ ಇನ್ನಷ್ಟು ತುಪ್ಪ ಬಡಿಸಿದ್ದೇನೆ.

ಅಪ್ಪ ಹೋಗಿ ಹದಿನಾಲ್ಕು ವರ್ಷ.
ಈಗಿನದು ನೆಲದ ಮೇಲೆ ಕೂರುವ ತಕ್ಕಡಿ, ಕೆಂಪು ಅಂಕಿ.
ಮೂಟೆ ಇಟ್ಟ ತಕ್ಷಣ ಚಪ್ಪಲಿಯೊಳಗೆ
ನನ್ನ ಹೆಬ್ಬೆರಳು ತಾನಾಗಿ ಏಳುತ್ತದೆ.
ಪ್ರತಿ ಮೂಟೆಗೂ.
ಊರುತ್ತೇನೆ. ಅಂಕಿ ನಿಲ್ಲುತ್ತದೆ. ಬರೆಯುತ್ತೇನೆ.

ಪೇಪರ್ ಮಿಲ್ಲು ಮುಚ್ಚಿದ ಮೇಲೆ
ಕ್ವಾರ್ಟರ್ಸ್ ಖಾಲಿ ಮಾಡಿದವರು ಸಾಲಾಗಿ ಬಂದರು,
ಮಂಚದ ಕಾಲು, ಹಂಡೆ, ನಿಂತ ಫ್ಯಾನು ಹೊತ್ತು.
ಆರೋಗ್ಯಮೇರಿ ಗಂಡನ ಟಿಫನ್ ಕ್ಯಾರಿಯರ್ ಇಟ್ಟು
ಕಣ್ಣು ರಸ್ತೆಯ ಕಡೆ ಮಾಡಿ ನಿಂತಳು.
ಎಂಟುನೂರ ನಲವತ್ತು ಗ್ರಾಂ.
ಬೆರಳು ಎದ್ದಿತು.
ಅದಕ್ಕೂ ಎದ್ದಿತು!
ಊರಿದೆ.

ಊರಿದ್ದು ನಾನೋ,
ಕೈಗಡ ತಂದ ಸೇರು ಅಕ್ಕಿಗೆ
ಒಂದು ಹಿಡಿ ಹೆಚ್ಚು ಹಾಕಿ ಹಿಂತಿರುಗಿಸುತ್ತಿದ್ದ ಅವ್ವನೋ,
ಗೊತ್ತಿಲ್ಲ.
ಏಳುವುದು ಅವನದಾಗಿ, ಊರುವುದು ಅವಳದಾದರೆ
ಚಪ್ಪಲಿಯೊಳಗೆ ನನ್ನ ತೂಕ ಎಷ್ಟು?

ಹೋದ ಆಷಾಢದಲ್ಲಿ ಒಬ್ಬ ಕಂಟ್ರಾಕ್ಟರ್ ಬಂದ.
ನಮ್ಮ ಬೀದಿಯ ಮೂವರಿಗೆ ಕೂಲಿ ಬಾಕಿ ಇಟ್ಟು
ಕೇಳಲು ಹೋದಾಗ ನಾಯಿ ಬಿಟ್ಟವನು.
ತಾಮ್ರದ ತಂತಿ, ಎರಡು ಚೀಲ.
ಇಪ್ಪತ್ಮೂರೂವರೆ ಕಿಲೋ.
ಬೆರಳು ಎದ್ದಿತು.
ಊರುವವರು ಯಾರಾದರೂ ಬರಲಿ ಎಂದು
ಒಂದುಸಿರು ಕಾದೆ.
ಯಾರೂ ಬರಲಿಲ್ಲ.
ಚಪ್ಪಲಿ ಕಳಚಿ, ಹಲಗೆಯ ಅಂಚಿಗೆ ಬೆರಳು ಕೊಟ್ಟು
ಎತ್ತಿದೆ.
"ಮಗ ಈಗ ಯಾವ ಕ್ಲಾಸು ಸಾರ್?" ಅಂದೆ.
ಇಪ್ಪತ್ತೆರಡು.

ಆ ಒಂದೂವರೆ ಕಿಲೋ ಮಾರಿಲ್ಲ.
ಮೂವರಿಗೆ ಹಂಚಿಯೂ ಇಲ್ಲ, ಅಂಥ ಪುಣ್ಯದ ಕಥೆ ಇದಲ್ಲ.
ಮಂಚದ ಕೆಳಗೆ, ಅಪ್ಪನ ಹಳೇ ತಟ್ಟೆಯಲ್ಲಿ
ಸುರುಳಿ ಸುತ್ತಿ ಮಲಗಿದೆ.
ಕಸ ಗುಡಿಸುವಾಗ ಪೊರಕೆ ತಾಗಿ ಸಣ್ಣಗೆ ಸದ್ದಾಗುತ್ತದೆ.

ಗೌರಿಹಬ್ಬಕ್ಕೆ ಬಂದ ಹಾಲೇಶ
ಉರುಳಿಹೋದ ಮಗುವಿನ ಚೆಂಡು ತೆಗೆಯಲು ಬಗ್ಗಿದವನು ಕೇಳಿದ:
"ಇದ್ಯಾರದಕ್ಕ, ತಾಮ್ರ?"
ನಂದು, ಅಂದೆ.