ಸದ್ದು ನಿಂತಾಗ

ಓಸ್ತ್ರಾವಾದ ನಲ್ಲಿನೀರಲ್ಲೇ ಹುಟ್ಟಿದವು ಇವು,
ಇವುಗಳ ಅಮ್ಮನೂ, ಅಮ್ಮನ ಅಮ್ಮನೂ.
ಹೊಳೆ ಎಂಬುದನ್ನು ಕಂಡ ಮೀಸೆ ಒಂದೂ ಇಲ್ಲ.
ಆದರೂ ಗಾಳಿಯೊತ್ತಡ ಇಳಿದು, ಮೋಡ ಕವಿದು
ಟ್ರಾಮಿನ ತಂತಿಗಳು ಕಿಡಿ ಕಾರುವ ಸಂಜೆ
ತೊಟ್ಟಿಗೆ ಎರಡು ಬಕೆಟ್ ತಣ್ಣೀರು ಸುರಿದೆನೆಂದರೆ
ಪರಾಗ್ವೆಯಲ್ಲಿ ಮಳೆ ಬಂತೆಂದು ನಂಬಿಬಿಡುತ್ತವೆ.
ಮೋಸ ಮಾಡುವುದು ಇಷ್ಟು ಸುಲಭ.
ನಾನೂ ಒಮ್ಮೆ ಹೀಗೇ, ಯಾವುದನ್ನೋ ಮಳೆಯೆಂದು…
ಇರಲಿ.

ಗಂಡು ಅಡ್ಡ ನಿಂತ. ಹೆಣ್ಣು ಬಂದು ಮೂತಿ ಒತ್ತಿದಳು.
ಆಮೇಲೆ ಹೊಟ್ಟೆಯಡಿಯ ರೆಕ್ಕೆ ಎರಡೂ ಕೂಡಿಸಿ, ಮಡಿಲು ಮಾಡಿ,
ನಾಲ್ಕು ಮೊಟ್ಟೆ ಹೊತ್ತು ಗಾಜಿನುದ್ದಕ್ಕೂ ಅಲೆದಳು
ಬಾಡಿಗೆ ಮನೆ ಹುಡುಕುವವಳಂತೆ:
ಇಲ್ಲಿ ಬೇಡ, ಇಲ್ಲೂ ಬೇಡ.
ಕಡೆಗೆ ಹೀಟರಿನ ಪಕ್ಕದ ಮೂಲೆಗೆ ಅಂಟಿಸಿದಳು.
ಅಂಟಿಸಿ ಹತ್ತು ನಿಮಿಷಕ್ಕೆ
ತಾನೇ ಮರಳಿ ಬಂದು ಎರಡು ತಿಂದಳು.

ನಾನು ಬೈಯಲಿಲ್ಲ. ಬೆರಳ ತುದಿಯಿಂದ ಉರುಳಿಸಿ ಉರುಳಿಸಿ
ನೂರ ಮೂವತ್ತೇಳು ಸಬ್ಬಕ್ಕಿ ಕಾಳು
ಐಸ್‌ಕ್ರೀಮ್ ಡಬ್ಬಿಗೆ ಇಳಿಸಿದೆ.
ಆಲ್ಡರ್ ಮರದ ಒಣಕಾಯಿ ಎರಡು, ನೀರು ಚಹಾದ ಬಣ್ಣಕ್ಕೆ ಬರುವಂತೆ.
ಗುಳ್ಳೆಗೊಂದು ಕೊಳವೆ, ಕೊಳವೆಗೊಂದು ಪಂಪು,
ಪಂಪಿಗೊಂದು ಗುಂಯ್‌ಗುಡುವ ರಾತ್ರಿ.

ಎರಡನೇ ದಿನಕ್ಕೆ ಐವತ್ತೆರಡು ಬೆಳ್ಳಗಾದವು,
ಬೂಷ್ಟು ಹಿಡಿದು ಹತ್ತಿಯ ಟೋಪಿ ಹಾಕಿಕೊಂಡವು.
ಪಕ್ಕದ್ದಕ್ಕೆ ಹಬ್ಬುವ ಮುಂಚೆ ಸೂಜಿಯಿಂದ ಎತ್ತಬೇಕು.
ಎತ್ತಿದೆ. ಕನ್ನಡಕ ಮರೆತಿದ್ದೆ,
ಒಂದು ಒಳ್ಳೆಯದೂ ಹೋಯಿತು.

ಕೆಳಮನೆಯ ಬೊಹುಸ್ಲಾವ್
ಇಪ್ಪತ್ತೊಂಬತ್ತು ವರ್ಷ ಕಲ್ಲಿದ್ದಲ ಗಣಿಯಲ್ಲಿದ್ದವನು.
ನನ್ನ ಪಂಪಿನ ಸದ್ದಿಗೆ ನಿದ್ದೆ ಬಾರದೆಂದು
ಚಮಚದಿಂದ ಬಿಸಿನೀರಿನ ಪೈಪು ಬಡಿಯುತ್ತಾನೆ, ಮೂರು ಸಲ.
ಮೂರು ವರ್ಷದಿಂದ, ದಿನವೂ.
ಮೆಟ್ಟಿಲಲ್ಲಿ ಎದುರಾದರೆ ನಾವು ಚಳಿಯ ಬಗ್ಗೆಯೂ ಮಾತಾಡುವುದಿಲ್ಲ.

ನಾಲ್ಕನೇ ರಾತ್ರಿ. ಎಂಟನೇ ನಂಬರಿನ ಟ್ರಾಮನ್ನು ಡಿಪೋಗೆ ಬಿಟ್ಟು ಬಂದು
ಬೂಟು ಕಳಚುತ್ತಿದ್ದೆ, ಕರೆಂಟು ಹೋಯಿತು.
ಇಡೀ ಪೊರೂಬಾ ಕತ್ತಲು, ಹಿಮದ ಬೆಳಕೊಂದೇ.
ಗುಂಯ್ ನಿಂತಿತು.
ಡಬ್ಬಿಯಲ್ಲಿ ಕಂದು ತಿರುಗಿದ ಎಂಬತ್ತನಾಲ್ಕು,
ಒಂದೊಂದರಲ್ಲೂ ಎರಡೆರಡು ಕಪ್ಪು ಚುಕ್ಕೆ,
ಕಣ್ಣಿನಂತೆ. ಅಲ್ಲ, ಕಣ್ಣೇ.

ಕಾಫಿ ಲೋಟದಿಂದ ನೀರು ಮೊಗೆದು
ಗೇಣುದ್ದ ಎತ್ತರದಿಂದ ಹನಿಸತೊಡಗಿದೆ.
ಬಾಗಿಲು ಬಡಿತ. ಚಮಚವಲ್ಲ, ಮುಷ್ಟಿ.
ಪೈಜಾಮದ ಮೇಲೆ ಕೋಟು, ಹಣೆಗೆ ಹಳೆಯ ಗಣಿದೀಪ,
ಏದುಸಿರು ಬಿಡುತ್ತ ಬೊಹುಸ್ಲಾವ್:
"ಫ್ಯಾನ್ ಯಾಕೆ ನಿಂತಿತು?"
ಪಂಪು ಅನ್ನಲಿಲ್ಲ. ಫ್ಯಾನ್ ಅಂದ.
"ಕೆಳಗೆ ಆ ಸದ್ದು ನಿಂತರೆ
ಸತ್ತಂತೆ ಮಲಗಿದವನೂ ಎದ್ದು ಕೂರುತ್ತಾನೆ, ರಾದ್ಕಾ.
ಒಳಗೆ ಎಷ್ಟು ಜನ ಇದ್ದಾರೆ?"

"ಎಂಬತ್ತನಾಲ್ಕು," ಎಂದೆ.

ಲೋಟ ಕಸಿದುಕೊಂಡ.
ಡಬ್ಬಿಗೆ ನನ್ನ ಉಣ್ಣೆಯ ಶಾಲು ಸುತ್ತಿದೆವು.
ಅರ್ಧ ಗಂಟೆ ಅವನು, ಅರ್ಧ ಗಂಟೆ ನಾನು,
ಅವನಿಗೆ ಕೆಮ್ಮು ಬಂದರೆ ನನ್ನದೇ ಪಾಳಿ.
ಮಾತಿಲ್ಲ. ಒಮ್ಮೆ ಮಾತ್ರ
ಹಣೆಯ ದೀಪವನ್ನು ನೀರಿನ ಹತ್ತಿರಕ್ಕೆ ಬಗ್ಗಿಸಿ,
"ಮೀಸೆ ಯಾವಾಗ ಬರುತ್ತೆ?" ಎಂದು ಕೇಳಿದ.
ಐದೂವರೆಗೆ ಫ್ರಿಜ್ಜು ನಡುಗಿತು, ಗುಂಯ್ ಮರಳಿತು.
ನಾನು ಬಾಯಿ ತೆರೆಯುವಷ್ಟರಲ್ಲಿ
ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಗಿತ್ತು.

ಈಗ ಮೂವತ್ತೊಂದಿವೆ.
ಎಲ್ಲವೂ ಉಳಿಯುತ್ತವೆಂದು ಯಾರೂ ಮಾತು ಕೊಟ್ಟಿರಲಿಲ್ಲ.
ರೆಪ್ಪೆಗೂದಲಿನಷ್ಟು ಮೈ, ಹೊಟ್ಟೆಯಲ್ಲಿ ಗಸಗಸೆಯಷ್ಟು ಬುತ್ತಿ.
ಬುತ್ತಿ ಮುಗಿದ ಮೇಲೆ
ಉಪ್ಪುನೀರಿನ ಬಾಟಲಿಯಲ್ಲಿ ನಾನು ಮರಿ ಮಾಡಿಸಿದ ಸೀಗಡಿ,
ಕಿತ್ತಳೆ ಬಣ್ಣದ ಧೂಳು.
ತಿಂದವರ ಹೊಟ್ಟೆ ಕಿತ್ತಳೆಯಾಗಿ ಹೊಳೆಯುತ್ತದೆ;
ಯಾರು ಉಂಡರು, ಯಾರು ಉಪವಾಸ, ಮುಚ್ಚಿಡುವಂತಿಲ್ಲ.

ನಿನ್ನೆ ಒಂದು ಮರಿ, ಮೊದಲ ಸಲ,
ತಳದಿಂದ ಸರ್ರನೆ ಮೇಲೆ ಬಂದು
ಒಂದು ಗುಟುಕು ಗಾಳಿ ಕಚ್ಚಿಕೊಂಡು ಇಳಿಯಿತು.
ನೋಡಿದ್ದು ನಾನೊಬ್ಬಳೇ.
ಚಮಚ ತಗೊಂಡೆ,
ಪೈಪಿನ ಮೇಲೆ
ಮೂರು ಸಲ ಬಡಿದೆ.